ಸುಟ್ಟುಹೋದ ಇವತ್ತಿನ ಸಾಲು

"ಹಲೋ... ಹಾಂ, ಯಾರು ಮಾತಾಡ್ತಿರೋದು?... ವೆಂಡೆಲಿನ್ನಾ? ನದಿ ಆಚೆ ಠಾಣೆಯ ವೆಂಡೆಲಿನ್ನೇ ತಾನೆ?... ನಾನು ಹಾರ್ಟ್‌ವಿಗ್, ಹೇಳಪ್ಪಾ."

ಜರ್ಮನ್ ಸೇನೆಯ ಸಂದೇಶ ಕೋಣೆಯಲ್ಲಿ ಸಾರ್ಜೆಂಟ್ ಹಾರ್ಟ್‌ವಿಗ್ ರಿಸೀವರನ್ನು ಕಿವಿಗೆ ಒತ್ತಿಕೊಂಡ. ನದಿಯಾಚೆಯ ತುಕಡಿ ಕೂಡಲೇ ಈಚೆಗೆ ಬರಬೇಕು, ಮಧ್ಯಾಹ್ನ ಹನ್ನೆರಡಕ್ಕೆ ಸೇತುವೆ ಸಿಡಿಸುತ್ತೇವೆ ಎಂಬ ಆಜ್ಞೆಯನ್ನು ಬೆಳಿಗ್ಗೆ ಯಂತ್ರದಲ್ಲಿ ಗೂಢಲಿಪಿಗೆ ತಿರುಗಿಸಿ ಕಳಿಸಿದವನು ಅವನೇ. ತಿಂಗಳ ಹಾಳೆಯಲ್ಲಿ ದಿನಕ್ಕೊಂದು ಸಾಲು; ಆ ದಿನದ ಸಾಲಿನಂತೆ ಎರಡೂ ಕಡೆ ಯಂತ್ರ ಹೂಡಿದರಷ್ಟೇ ಸಂದೇಶ ಓದಲು ಬರುತ್ತಿತ್ತು. ಆಜ್ಞೆಯನ್ನು ಫೋನಿನಲ್ಲಿ ಬಾಯಿಬಿಟ್ಟು ಹೇಳುವಂತಿರಲಿಲ್ಲ. ತಂತಿಗೆ ರಷ್ಯನ್ನರು ಕಿವಿ ಹಚ್ಚಿ ಕೂತಿರುತ್ತಾರೆ.

"...ಏನು, ತಲೆಬುಡ ಇಲ್ಲದ ಅಕ್ಷರ ಬರ್ತಿದೆಯಾ? ನಾನು ಹಾಗೇ ಬರೆದು ಕಳಿಸಿದೆ ಅಂದ್ಕೊಂಡ್ಯಾ?"

"...ಸರಿ, ಮೊದಲಿಂದ ನೋಡೋಣ. ಐದು ಚಕ್ರದಲ್ಲಿ ಮೂರು ಆರಿಸಿದ್ಯಾ?... ಹೇಳಿದ ಕ್ರಮದಲ್ಲೇ?... ಚಕ್ರದ ಬಳೆ ತಿರುಗಿಸಿದ್ದು ಒಳಗೆ ಕೂರಿಸೋಕೆ ಮುಂಚೆನೋ, ಆಮೇಲೋ?... ಮುಂಚೆ. ಭೇಷ್, ಪದಕ ಕೊಡಿಸ್ತೀನಿ."

"...ಮುಂದುಗಡೆ ವೈರು? ಹತ್ತೂ ಚುಚ್ಚಿದ್ದೀಯಾ?... ಒಂದನ್ನ ಬಟ್ಟೆ ಒಣಗಿಸೋಕೆ ಕಟ್ಟಿಲ್ಲ ತಾನೆ?... ಸಂದೇಶದ ತಲೆಯಲ್ಲಿ ಕೊಟ್ಟ ಮೂರು ಅಕ್ಷರಕ್ಕೆ ಚಕ್ರ ನಿಲ್ಲಿಸಿ, ಮುಂದಿನ ಮೂರು ಒತ್ತಿದ್ಯಾ? ಯಾವ ದೀಪ ಹತ್ತಿತೋ ಆ ಅಕ್ಷರಕ್ಕೆ ಮತ್ತೆ ಚಕ್ರ ತಿರುಗಿಸಿದ್ಯಾ?... ಎಲ್ಲಾ ಮಾಡಿದ್ಯಾ. ಹಾಗಾದ್ರೆ ಯಂತ್ರಕ್ಕೇ ನಿನ್ನ ಮೇಲೆ ಮುನಿಸು ಇರಬೇಕು."

"...ತಡಿ. ಯಾವ ತಾರೀಖಿನ ಸಾಲು ನೋಡಿ ಹೂಡಿದ್ದು?... ಹತ್ತೊಂಬತ್ತಾ? ಇವತ್ತು ಹದಿನೆಂಟು ಕಣಯ್ಯಾ. ಹಾಳೆಯಲ್ಲಿ ತಾರೀಖು ಕೆಳಗಿಂದ ಮೇಲಕ್ಕೆ ಹೋಗುತ್ತೆ ಅಲ್ವಾ? ಮುಗಿದ ದಿನದ್ದನ್ನ ಅಡಿಯಿಂದ ಕತ್ತರಿಸಿ ಸುಡಬೇಕು ಅಲ್ವಾ?... ಹೌದು, ಮುಗಿದ ದಿನದ್ದನ್ನ. ಹದಿನೆಂಟರ ಸಾಲು ಎಲ್ಲಿ?... ನಿನ್ನೆಯದರ ಜೊತೆಗೇ ಸುಟ್ಟುಬಿಟ್ಯಾ?... ಕಾಫಿ ಕಾಯಿಸೋಕೆ. ಅದೂ ಕಾಫಿಯಲ್ಲ, ಹುರಿದ ಬಾರ್ಲಿ ನೀರು. ರುಚಿಯಾಗಿತ್ತಾ?"

"...ಇಲ್ಲ, ಆ ಸಾಲನ್ನ ಫೋನಲ್ಲಿ ಓದೋ ಹಾಗಿಲ್ಲ... ಏನು, ನಾಳೆ ಯಾರ ಕೈಲಾದ್ರೂ ಕಳಿಸ್ಬೇಕಾ? ನಾಳೆ?"

ಗೋಡೆ ಗಡಿಯಾರದಲ್ಲಿ ಹನ್ನೆರಡಕ್ಕೆ ಇನ್ನು ಸ್ವಲ್ಪವೇ ಉಳಿದಿತ್ತು. ಪಕ್ಕದ ಮೇಜಿನಿಂದ ಕ್ಯಾಪ್ಟನ್ ಅವನನ್ನೇ ನೋಡುತ್ತಿದ್ದ. ಹಾರ್ಟ್‌ವಿಗ್‌ನಿಗೆ ನಿಜಕ್ಕೂ ಭಯವಾಯಿತು.

"...ವೆಂಡೆಲಿನ್, ಯಂತ್ರ ಬಿಡು. ಎಲ್ಲರನ್ನೂ ಎಬ್ಬಿಸಿಕೊಂಡು ಸೇತುವೆ ದಾಟು. ಈಗಲೇ. ಮಧ್ಯಾಹ್ನಕ್ಕೆ ಅದನ್ನ ಸಿಡಿಸ್ತಾರೆ... ಹಾಂ?... ಗೂಢಲಿಪಿಯಲ್ಲಿ ಬರದ ಆಜ್ಞೆ ಯಾರು ಕೊಟ್ಟರೂ ನಂಬಬೇಡ, ಶತ್ರುವೂ ಜರ್ಮನ್ ಮಾತಾಡ್ತಾನೆ ಅಂತ ನಾನೇ ಹೇಳಿದ್ನಾ? ಹೌದಪ್ಪಾ, ನಾನೇ ಕಲಿಸಿದ್ದು. ಅಷ್ಟು ಪಾಠದಲ್ಲಿ ನಿನಗೆ ನೆನಪಿರೋದು ಅದೊಂದೇನಾ?... ನಾನು ಹಾರ್ಟ್‌ವಿಗ್ಗೇ ಕಣೋ, ನಿನ್ನ ದಮ್ಮಯ್ಯ... ವೆಂಡೆಲಿನ್? ಹಲೋ..."

ಕ್ಯಾಪ್ಟನ್‌ನ ಬೆರಳು ರಿಸೀವರ್ ಇಡುವ ಕೊಂಡಿಯನ್ನು ಒತ್ತಿ ಹಿಡಿದಿತ್ತು.