ಕಾಲರಿನ ಕೆಂಪು ದಾರ

...ಅಯ್ಯೋ ಎಳೀಬೇಡಿ ಭಾವ! ಜಿಪ್ ಎಳೆದಷ್ಟೂ ಬಿಗಿಯಾಗತ್ತೆ. ಹಾಗೇ ಮಲಗಿರಿ ಮೇಜಿನ ಮೇಲೆ. ನಾನೇ, ನಿಮ್ಮ ಹೆಂಡ್ತಿ ತಮ್ಮ, ಟೈಲರು. ಆ ಮುಖವಾಡದಿಂದ ನಿಮ್ಮ ಮಾತು ಹೊರಗೆ ಬರಲ್ಲ, ನನ್ನ ಕೈ ಒತ್ತಿ. ಹೌದು ಅಂದ್ರೆ ಒಂದು ಸಲ, ಇಲ್ಲ ಅಂದ್ರೆ ಎರಡು. ಕೇಳಿಸ್ತಿದೆ ತಾನೇ?... ಹಾಂ, ಒಂದು!

ಇನ್ನೂ ನೀರೇ ಕಾಣ್ತಿದೆಯಾ?... ಒಂದು. ಕೆಳಗೆ ಇಳೀತಾನೇ ಇದೀರಾ?... ಒಂದು. ಇರ್ಲಿ ಬಿಡಿ. ಈಜು ಬರದೋರು ಸಮುದ್ರದ ತಳ ನೋಡಿ ವಾಪಸ್ ಬಂದಿದ್ದು ಅಪರೂಪ... ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಆ ನೀರು ಸುಳ್ಳು ಭಾವ. ನೀವಿರೋದು ನಮ್ಮ ಹೊಲಿಗೆ ಕೋಣೇಲಿ. ಮೈತುಂಬ ಕಂಪ್ಯೂಟರ್ ಸೂಟು ತೊಟ್ಕೊಂಡು ಮಲಗಿದೀರಿ, ಅಷ್ಟೇ. ಬಿಗಿ ಮಾತ್ರ ನಿಜ. ಆಳಕ್ಕೆ ಹೋದ ಹಾಗೆ ಬಟ್ಟೆ ಎದೆ ಹಿಡಿಯತ್ತೆ, ಸಮುದ್ರ ಅನ್ನಿಸ್ಲಿ ಅಂತ. ನಾನೇ ಹೊಲಿದಿದ್ದು. ಒಂದು ಹೊಲಿಗೇನೂ ಬಿಡ್ತಿಲ್ಲ ದರಿದ್ರದ್ದು! ಕತ್ತರಿ ಹಾಕಿ ನೋಡಿದೆ, ಕತ್ತರೀನೇ ಮೊಂಡಾಯ್ತು.

ಯಾಕೆ ನಗ್ತಿದೀರಿ? ಹೊಟ್ಟೆ ಅಲುಗ್ತಿದೆಯಲ್ಲ... ಎರಡು? ನಗ್ತಿಲ್ವಾ?... ಓ. ನಡುಗ್ತಿದೀರ.

ಕಾಲು ಗಂಟೆ ಭಾವ, ಅಷ್ಟೇ. ಇಂಜಿನಿಯರಮ್ಮ ಮೇಲಿನ ಮಹಡೀಲಿ ಈ ಸೂಟು ನಡೆಸೋ ದೊಡ್ಡ ಮಷಿನ್ ನಿಲ್ಲಿಸ್ತಿದಾರೆ. ಫೋನಲ್ಲಿ ಕೇಳಿದ್ರು, ಕಾಲರ್ ಯಾರಾದ್ರೂ ಮುಟ್ಟಿದ್ರಾ, ಹಾಗಿದ್ರೆ ಚಿಮಟ ಹಿಡ್ಕೊಂಡು ಈಗಲೇ ಇಳಿದು ಬರ್ತೀನಿ ಅಂತ. ಯಾರು ಮುಟ್ತಾರೆ, ಮಷಿನ್ದೇ ತಪ್ಪು ಅಂದೆ... ಏನು? ಕತ್ತಿಗೆ ಚುಚ್ಚಿತಾ? ಅದು ನನ್ನ ಸೂಜಿ. ಕಾಲರ್... ಸ್ವಲ್ಪ ಸರಿ ಮಾಡ್ತಿದ್ದೆ.

ಏನು ತಡಕಾಡ್ತಿದೀರಿ, ಕೆಂಪು ದಾರನಾ? ಗೊತ್ತು, ಗೊತ್ತು. ಏನಾದ್ರೂ ಆದ್ರೆ ಕತ್ತಿನ ಹತ್ರ ಕೆಂಪು ದಾರ ಎಳೀರಿ, ಸೂಟು ಪೂರ್ತಿ ಬಿಚ್ಕೊಳ್ಳತ್ತೆ ಅಂತ ಹೇಳಿದ್ರು. ಹುಡುಕಬೇಡಿ. ಜಾರಿರತ್ತೆ ಎಲ್ಲೋ. ಕೈ ಕೆಳಗಿಡಿ ಭಾವ... ಉಸಿರು ಯಾಕೆ ಹಾಗೆ ಗೊರಗೊರ ಸದ್ದು ಮಾಡ್ತಿದೆ? ನಿಧಾನ... ನಿಧಾನ...

ತಪ್ಪು ನಂದೇ, ನಿಮ್ಮನ್ನ ಕರ್ಕೊಂಡು ಬಂದಿದ್ದು. ದೊಡ್ಡ ಹೊಟ್ಟೆಯ ಅಳತೆಯ ಸೂಟು ಹಾಕಿ ನೋಡೋಕೆ ಯಾರೂ ಸಿಗ್ಲಿಲ್ಲ, ಅಕ್ಕನ್ನ ಕೇಳಿದೆ. ಮನೇಲಿ ಸುಮ್ನೆ ಬಿದ್ಕೊಂಡಿದಾರೆ, ಕರ್ಕೊಂಡು ಹೋಗು ಅಂದ್ಳು. ಈಗ ಅವಳಿಗೆ ಏನು... ಏನೂ ಹೇಳೋದು ಬೇಡ. ಸಂಜೆ ನೀವೇ ಹೋಗಿ ಹೇಳ್ತೀರಿ. ನಿಮಗೆ ಒಂದು ತಮಾಷೆ ನೆನಪು ಮಾಡ್ಲಾ? ನಿಮ್ಮ ಮದುವೆ ಫೋಟೋ! ಕೋಟಿನ ತೋಳಲ್ಲಿ ಒಂದು ದಾರ ನೇತಾಡ್ತಿತ್ತು, ನಾನು ಬಗ್ಗಿ ಹಲ್ಲಲ್ಲಿ ಕಚ್ಚಿದೆ. ಅಷ್ಟರಲ್ಲಿ ಫೋಟೋ ತೆಗೆದ್ರು. ಮದುಮಗನ ಕೈ ಕಚ್ತಿರೋ ಬಾಮೈದ! ಏನು ಮಾಡ್ಲಿ, ಮೂವತ್ತು ವರ್ಷದ ಅಭ್ಯಾಸ. ನೇತಾಡೋ ದಾರ ಕಂಡ್ರೆ ನನ್ನ ಕೈ ಸುಮ್ನೆ...

...

ಭಾವ? ಯಾಕೆ ಕೈ ಬಿಟ್ರಿ?

ಒತ್ತಿ. ಒಂದಾದ್ರೂ ಒತ್ತಿ, ಎರಡಾದ್ರೂ ಒತ್ತಿ... ಇನ್ನೊಂದು ಕೈ ಬೆರಳು ಯಾಕೆ ಕಾಲರಲ್ಲೇ ನಿಂತಿದೆ?

...ಸಿಕ್ತಾ? ಚೂರೇ ಚೂರು ಉಳಿದಿದೆ, ಅಲ್ವಾ? ಸೂಜಿಯಿಂದ ಕೆದಕಿದೆ ಭಾವ, ದೇವರಾಣೆ ಕೆದಕಿದೆ, ಬರ್ಲಿಲ್ಲ, ಚಿಮಟವೇ ಬೇಕು. ಹೋದ ತಿಂಗಳೂ ಒಂದು ಕತ್ತರಿಸಿದ್ದೆ. ಇನ್ನೊಂದು ಸಲ ಆದ್ರೆ ಕೆಲಸ ಬಿಟ್ಟು ಹೊರಡಿ ಅಂದಿದ್ರು. ಅದಕ್ಕೆ... ಬೈರಿ. ಹೊಡೀರಿ. ಹೀಗೆ ಸುಮ್ನೆ ಮಾತ್ರ ಇರ್ಬೇಡಿ ಭಾವ... ಎದೆ ಏಳ್ತಾನೇ ಇಲ್ವಲ್ಲ... ಭಾವ!

ಫೋನ್... ಎಲ್ಲಿಟ್ಟೆ ಫೋನ್...

ಹಲೋ ಇಂಜಿನಿಯರಮ್ಮಾ, ಮಷಿನ್ ಬಿಡಿ, ಚಿಮಟ ತಗೊಂಡು ಓಡಿ ಬನ್ನಿ! ಕಾಲರ್ ಯಾರಾದ್ರೂ ಮುಟ್ಟಿದ್ರಾ ಅಂತ ಕೇಳಿದ್ರಲ್ಲ... ಕೆಂಪು ದಾರ ನನ್ನ ಜೇಬಲ್ಲಿದೆ.