ಹಳ್ಳದಾಚೆಯ ಪೀಪಿ

ರಾತ್ರಿ ಸಾರಾಯಿ ಅಂಗಡಿಯಿಂದ ಮನೆಗೆ ಹೋಗುವಾಗ ನನ್ನ ಚಿಕ್ಕಪ್ಪನ ಮಗ ಕ್ಲೆಮೆನ್ಸ್ ದೋಣಿಕಟ್ಟೆ ದಾಟುವವರೆಗೆ ಎರಡೂ ಕಿವಿ ಮುಚ್ಚಿಕೊಂಡಿರುತ್ತಾನೆ. ಕುಡುಕರು ಹಿಂದಿನಿಂದ "ಕ್ವಾಕ್" ಎಂದು ಕಾಡಿಸುತ್ತಾರೆ. ಅಂಥವನೊಬ್ಬನ ಕಪಾಳಕ್ಕೆ ನಾನೇ ಒಮ್ಮೆ ಬಾರಿಸಿದ್ದೇನೆ. ಗೊತ್ತಿಲ್ಲದವರು ನಗಬಾರದು.

ಸಾವಿರದ ಒಂಬೈನೂರ ನಲವತ್ತು, ನವೆಂಬರ್ ಹನ್ನೊಂದು. ಮೊದಲ ಮಹಾಯುದ್ಧ ನಿಂತ ದಿನದ ರಜೆ. ಬೆಳಿಗ್ಗೆ ಎಂಥ ಬಿಸಿಲೆಂದರೆ, ನಮ್ಮೂರು ವಿನೋನಾದ ಅರ್ಧ ಗಂಡಸರು ಬರೀ ಅಂಗಿಯಲ್ಲಿ ಬಾತು ಹೊಡೆಯಲು ಮಿಸಿಸಿಪ್ಪಿ ನದಿಗೆ ಇಳಿದರು. ಕ್ಲೆಮೆನ್ಸ್ ತನ್ನ ಹೆಂಡತಿಯ ತಮ್ಮ ರೋಮನ್‌ನನ್ನು ಕರೆದುಕೊಂಡು ಹೊರಟ.

"ನನ್ ತಮ್ಮನ್ನ ಹುಷಾರಾಗಿ ವಾಪಸ್ ಕರ್ಕೊಂಡ್ ಬನ್ನಿ" ಅಂದಳು ಹೆಂಡತಿ ರೊಜಾಲಿಯಾ.

"ಇಪ್ಪತ್ತೆರಡು ವರ್ಷದ ಕೋಣ ಕಣೇ ಅದು, ತೊಟ್ಟಿಲ ಕೂಸಲ್ಲ!" ಎಂದು ಇವನು ನಗುತ್ತಲೇ ಮಾತು ಕೊಟ್ಟ.

ಮಧ್ಯಾಹ್ನ ಗಾಳಿ ತಿರುಗಿತು. ಮೊದಲು ಮಳೆ... ಆಮೇಲೆ ಚಟಚಟ ಅನ್ನುವ ಮಂಜುಗಡ್ಡೆ... ಆಮೇಲೆ ಹಿಮ. ಬಾತುಗಳು ಸಾವಿರಗಟ್ಟಲೆ ತಲೆಯ ಮೇಲೇ ಹಾರಿದವು. ಇನ್ನೊಂದು ಸುತ್ತು ಹೊಡೆಯೋಣ, ಇನ್ನೊಂದು ಸುತ್ತು... ಆಸೆ ಕೆಟ್ಟದ್ದು. ಹೊರಡೋಣ ಅನ್ನುವಷ್ಟರಲ್ಲಿ ಅಲೆ ದೋಣಿಯನ್ನು ಕಿತ್ತುಕೊಂಡು ಹೋಗಿತ್ತು. ಬೆಂಕಿಪೊಟ್ಟಣ ನೆಂದು ಮುದ್ದೆಯಾಗಿತ್ತು. ಅವರು ಸಿಕ್ಕಿಬಿದ್ದ ನಡುಗಡ್ಡೆಯಲ್ಲಿ ಗಾಳಿಗೆ ಅಡ್ಡಕ್ಕಿದ್ದದ್ದು ನಾಲ್ಕು ಪೊದೆ.

ಕತ್ತಲಾಯಿತು. ಇಬ್ಬರೂ ನಿದ್ದೆ ಬಾರದಂತೆ ಒಬ್ಬರಿಗೊಬ್ಬರು ಗುದ್ದಿಕೊಳ್ಳುತ್ತಾ ಕುಣಿಯುತ್ತಿದ್ದರು. ಆಗ ಕೇಳಿಸಿತು...

ಕ್ವಾ... ಕ್ವಾ... ಕ್ರ್‌ರ್.

ಬಾತು ಕರೆಯುವ ಪೀಪಿಯನ್ನು ನಮ್ಮಲ್ಲಿ ಪ್ರತಿಯೊಬ್ಬನೂ ತಾನೇ ಮರ ಕೆತ್ತಿ ಮಾಡಿಕೊಳ್ಳುತ್ತಾನೆ. ಕತ್ತಲಲ್ಲೂ ಸದ್ದು ಕೇಳಿ ಇಂಥವನೇ ಎಂದು ಹೇಳಬಹುದು. ಕೂಗಿನ ಕೊನೆಗೆ ಹಾಗೆ ದನಿ ಸೀಳುತ್ತಿದ್ದ ಪೀಪಿ ಒಂದೇ ಒಂದು. ರೋಮನ್‌ನ ಅಪ್ಪ ಲುಡ್ವಿಕ್‌ನದು. ಅದು ನಾಲ್ಕು ವರ್ಷದ ಹಿಂದೆ ಅವನ ಶವಪೆಟ್ಟಿಗೆಯಲ್ಲೇ ಮಣ್ಣಿಗೆ ಹೋಗಿತ್ತು.

"ಭಾವ... ಅಪ್ಪ."

"ಸುಮ್ನಿರೋ. ಗಾಳಿ."

"ಗಾಳಿಗೆ ಪೀಪಿ ಊದಕ್ಕೆ ಬರತ್ತಾ? ಈ ಹಳ್ಳದಾಚೆ, ಆ ಇನ್ನೊಂದು ನಡುಗಡ್ಡೆಯಿಂದ ಭಾವ. ನಲವತ್ತು ಹೆಜ್ಜೆ. ಸೊಂಟದಷ್ಟೂ ನೀರಿಲ್ಲ. ಬನ್ನಿ!"

ಕ್ಲೆಮೆನ್ಸ್‌ಗೆ ಚಳಿಗಿಂತ ದೊಡ್ಡ ನಡುಕ ಹುಟ್ಟಿತು. ಯಾಕೆಂದರೆ ನಾವು ಕಶೂಬ್ ಜನ, ಪೋಲೆಂಡಿನ ಕಡಲತೀರದಿಂದ ಬಂದವರು. ನಮ್ಮಲ್ಲಿ ಹೆಣದ ಜೊತೆ ಮೀನುಬಲೆಯ ಒಂದು ತುಂಡು ಇಡಬೇಕು. ಸತ್ತವನು ವರ್ಷಕ್ಕೊಂದು ಗಂಟು ಬಿಚ್ಚುತ್ತಾ ಅಲ್ಲೇ ಬಿದ್ದಿರುತ್ತಾನೆ. ಬಲೆ ಇಡದಿದ್ದರೆ ಎದ್ದು ಬಂದು ತನ್ನವರನ್ನೇ ಕರೆಯುತ್ತಾನೆ. ಓಗೊಟ್ಟವನು ಹೋದ ಹಾಗೆಯೇ. ಲುಡ್ವಿಕ್ ಸತ್ತಾಗ ಈ ರೋಮನ್‌ನೇ, "ಇದು ಅಮೆರಿಕ, ಮುದುಕಿಯರ ಮಾತು ಬಿಡಿ" ಎಂದು ಬಲೆ ತೆಗೆದು ಪೀಪಿ ಇಟ್ಟಿದ್ದ.

ಕ್ವಾ... ಕ್ವಾ... ಕ್ರ್‌ರ್.

"ಬಂದೆ ಅಪ್ಪ!" ರೋಮನ್ ನೀರಿಗೆ ಕಾಲಿಟ್ಟ.

ಕ್ಲೆಮೆನ್ಸ್ ಅವನನ್ನು ಕೆಡವಿ ಮೇಲೆ ಕೂತ. ಹಾರುವ ಬಾತುಗಳನ್ನು ಸೆಳೆಯಲು ತೇಲಿಬಿಡುವ ಮರದ ಬಾತುಗಳನ್ನು ಕಟ್ಟುವ ಹುರಿಯಿಂದ ಅವನ ಕೈ ತನ್ನ ಸೊಂಟಕ್ಕೆ ಬಿಗಿದ.

"ಬಿಡಿ ಭಾವ... ದಮ್ಮಯ್ಯ..."

"ನಿಮ್ಮಕ್ಕಂಗೆ ಮಾತು ಕೊಟ್ಟಿದೀನಿ ಕಣೋ. ಸತ್ತೋರ ಕೈಗೆ ನಿನ್ನ ಕೊಡಲ್ಲ."

ರಾತ್ರಿಯೆಲ್ಲ ಪೀಪಿ ಕರೆಯಿತು. ಮೊದಲು ನಿಧಾನಕ್ಕೆ. ಆಮೇಲೆ ಅವಸರವಾಗಿ, ಬೈಯುವ ಹಾಗೆ. ಕ್ಲೆಮೆನ್ಸ್ ರೋಮನ್‌ನ ಕಿವಿಗಳನ್ನು ತನ್ನ ಅಂಗೈಯಿಂದ ಮುಚ್ಚಿ, ಗೊತ್ತಿದ್ದ ಜಪವನ್ನೆಲ್ಲ ಗಟ್ಟಿಯಾಗಿ ಹೇಳಿದ. ಬೆಳಗಿನ ಜಾವ ಪೀಪಿ ನಿಂತಿತು. ಗೆದ್ದೆ ಅಂದುಕೊಂಡು ಕೆಳಗೆ ನೋಡಿದ. ರೋಮನ್‌ನ ರೆಪ್ಪೆ ಮೇಲೆ ಬಿದ್ದ ಹಿಮ ಕರಗುತ್ತಿರಲಿಲ್ಲ.

ಬೆಳಿಗ್ಗೆ ದೋಣಿ ತೆಗೆದುಕೊಂಡು ಹೋದವರಲ್ಲಿ ನಾನೂ ಒಬ್ಬ. ಹುರಿಯನ್ನು ಚಾಕುವಿನಿಂದ ಕುಯ್ದು ಇಬ್ಬರನ್ನೂ ಬೇರೆ ಮಾಡಬೇಕಾಯಿತು. ಕ್ಲೆಮೆನ್ಸ್ ನನ್ನ ತೋಳು ಹಿಡಿದು ಪಿಸುಗುಟ್ಟಿದ, "ಆ ಗಡ್ಡೇಲಿ... ಏನಿದೆ ನೋಡು."

ಬೇರೆ ಯಾರಾದರೂ ಸಿಕ್ಕಿಬಿದ್ದಿರಬಹುದೆಂದು ನಾನೊಬ್ಬನೇ ಹಳ್ಳ ದಾಟಿದೆ. ಮೊಣಕಾಲುದ್ದ ಹಿಮ. ಮನುಷ್ಯರದಿರಲಿ, ಒಂದು ಮೊಲದ ಹೆಜ್ಜೆಯೂ ಇರಲಿಲ್ಲ.

ವಾಪಸ್ ಬಂದು, "ಏನಿಲ್ಲಪ್ಪ, ಬರೀ ಹಿಮ" ಅಂದೆ. ಅವನಿಗೆ ಇವತ್ತಿಗೂ ಅಷ್ಟೇ ಗೊತ್ತು. ನಿಮಗೆ ಹೇಳುತ್ತೇನೆ, ಅವನ ಮುಂದೆ ಬಾಯಿ ಬಿಡಬೇಡಿ. ಬಿದ್ದ ದೊಡ್ಡ ಮರವೊಂದರ ಬೇರಿನ ಮರೆಯಲ್ಲಿ, ಗಾಳಿ ಸುಳಿಯದ ಜಾಗದಲ್ಲಿ, ಕೆಂಡ ಇತ್ತು. ನಿಜವಾದ ಕೆಂಡ. ಕೈಗವಸು ಬಿಚ್ಚಿ ಕೈ ಕಾಯಿಸಿಕೊಂಡಿದ್ದೇನೆ, ಸುಳ್ಳಾದರೆ ಈ ಕೈ ಸೇದಿಹೋಗಲಿ. ಪಕ್ಕದಲ್ಲಿ ಒಣ ಕಟ್ಟಿಗೆಯ ರಾಶಿ. ಬೆಂಕಿಯ ಸುತ್ತ ಕೂರಲು ಯಾರೋ ದಿಮ್ಮಿಗಳನ್ನು ಎಳೆದಿಟ್ಟಿದ್ದರು.

ಮೂರು ದಿಮ್ಮಿ.