ಸ್ಕಿಮ್ಮರ್ ಹಡಗಿನ ಬಾಯ್ಲರ್ ಕೋಣೆ

ಇಂಗ್ಲೆಂಡಿನ ಶೀರ್‌ನೆಸ್ ಬಂದರಿನಲ್ಲಿ ಅಂದು ಬೆಳಗಿನಿಂದಲೇ ಮಳೆ ಹಿಡಿದಿತ್ತು. ದೋಣಿಗಳು ಹೊರಟಿರಲಿಲ್ಲ. ನಾವು ಐದಾರು ಮಂದಿ ಡೋರ್ಕಸ್ ಅತ್ತೆಯ ತಗಡಿನ ಶೆಡ್ಡಿನಲ್ಲಿ ಬೆಂದ ಸೀಗಡಿಯ ಸಿಪ್ಪೆ ಸುಲಿಯುತ್ತಾ ಕುಳಿತಿದ್ದೆವು. ನೌಕಾಪಡೆಯ ಹಳೆಯ ಡೆಸ್ಟ್ರಾಯರ್ ಹಡಗುಗಳಲ್ಲಿ ಕೊನೆಯದನ್ನೂ ಗುಜರಿಗೆ ಮಾರಿದರೆಂದು ಯಾರೋ ಪತ್ರಿಕೆ ಓದಿ ಹೇಳಿದರು. ಮೂಲೆಯಲ್ಲಿದ್ದ ಎಬೆನ್ ಪೆಟ್ಮನ್ ಅಜ್ಜನ ಕೈ ನಿಂತಿತು. ಅವನ ಪ್ರಾಯವೆಲ್ಲ ಕಳೆದದ್ದು ಆ ಹಡಗುಗಳ ಹೊಟ್ಟೆಯಲ್ಲೇ.

"ಏನು ಎಬೆನ್, ಹಳೇ ಹೆಂಡ್ತಿ ಸತ್ತ ಸುದ್ದಿ ಕೇಳ್ದೋನ ಹಂಗೆ ಮುಖ ಮಾಡಿದ್ದೀಯಲ್ಲ?" ಎಂದು ಡೋರ್ಕಸ್ ಅತ್ತೆ ಕೆಣಕಿದಳು.

ಅಜ್ಜ ನಗಲಿಲ್ಲ.

"ನಗು ತಾಯಿ, ನಗು. ಆ ಹಡಗುಗಳ ಹಣೆಬರಹ ನಿಂಗೇನು ಗೊತ್ತು? ಟಾರ್ಪೆಡೊ ದೋಣಿಗಳನ್ನ ಅಟ್ಟಿಸ್ಕೊಂಡು ಹೋಗಿ ಹೊಡೀಲಿ ಅಂತ ಕಟ್ಟಿದ್ರು... ವೇಗ, ವೇಗ, ಬರೀ ವೇಗ. ತಗಡು ಎಷ್ಟು ತೆಳು ಅಂದ್ರೆ ಬಿಸ್ಕತ್ತಿನ ಡಬ್ಬೀಲಿ ಕೂತು ಸಮುದ್ರ ದಾಟಿದಂಗೆ. ನಮ್ಮ ಸ್ಕಿಮ್ಮರ್ ಜೊತೆ ಕಟ್ಟಿದ್ದು ಒಂದು ಬಿರುಗಾಳಿಗೆ ನಡು ಮುರ್ಕೊಂಡು ಹೋಯ್ತು, ಇನ್ನೊಂದು ಮಂಜಲ್ಲಿ ಬಂಡೆಗೆ ಬಡೀತು. ನಮ್ಮದಕ್ಕೆ ಬಿರುಗಾಳಿ ಬೇಕಾಗ್ಲಿಲ್ಲ... ನಾನಿದ್ದೆ.

"ಬಾಯ್ಲರ್ ಕೋಣೇಲಿ ನಾವಿಬ್ರೇ. ಜೆಮ್ ಗುಡ್‌ಹ್ಯೂ ಅಂತ ನನ್ನ ಜೊತೆಗಾರ. ಕಲ್ಲಿದ್ದಲು ಎಸೆಯೋದು ಅವನ ಕೆಲಸ, ನೀರಿನ ಗಾಜು ನೋಡೋದು ನಂದು. ಆ ಗಾಜಲ್ಲಿ ನೀರಿನ ಮಟ್ಟ ಇಳೀತು ಅಂದ್ರೆ ಬಾಯ್ಲರಿಗೆ ನೀರು ಬಿಡ್ಬೇಕು, ಇಲ್ಲಾಂದ್ರೆ ಕೊಳವೆ ಕಾದು ಸಿಡಿಯುತ್ತೆ. ಅಷ್ಟೇ ಕಣ್ರೋ ಕೆಲಸ. ಒಂದಿನ ಬೆಳಿಗ್ಗೆ ಪಕ್ಕದ ಹಡಗಿನ ಜೊತೆ ಪಂದ್ಯ ಬಿತ್ತು. ಮೇಲೆ ಕೂಗೋ ಕೂಗು. ನಂಗೆ ತಡ್ಕೊಳ್ಳೋಕಾಗ್ಲಿಲ್ಲ. 'ಯಾರು ಮುಂದಿದ್ದಾರೆ ನೋಡ್ಬಿಟ್ಟು ಬರ್ತೀನಿ' ಅಂದೆ. 'ಹೋಗೋ ಮಾರಾಯ, ನೀನಿದ್ರೂ ಸೆಖೆ, ಇಲ್ದಿದ್ರೂ ಸೆಖೆ' ಅಂತ ನಕ್ಕ. ಬೆನ್ನು ತಿರುಗಿಸಿ ಒಲೆಗೆ ಎಸೀತಾನೇ ಇದ್ದ... ಅವನು ಯಾಕೆ ಗಾಜು ನೋಡ್ತಾನೆ, ಹೇಳಿ? ನಾನು ಮೇಲೆ ನಿಂತು ಟೋಪಿ ಬೀಸ್ತಿದ್ದೆ. ಗೆಲ್ತಾನೂ ಇದ್ವಿ... ಆಗ ಕಾಲ ಕೆಳಗೆ ಢಂ ಅಂತು.

"ಆವಿ ಇಳಿದ ಮೇಲೆ ಅವನನ್ನ ಎತ್ತಿ ತಂದ್ರು. ಸಲಿಕೆ ಕೈಯಲ್ಲೇ ಇತ್ತು.

"'ಗಾಜು ನೋಡೋಕೆ ಯಾರಿದ್ರು?' ಅಂತ ವಿಚಾರಣೇಲಿ ಕೇಳಿದ್ರು. ನಾನು ನನ್ನ ಬೂಟು ನೋಡ್ಕೊಂಡು, 'ಜೆಮ್, ಸರ್' ಅಂದೆ. ಅವನ ಹೆಂಡ್ತಿ ರೋಡಾ ಹಿಂದಿನ ಬೆಂಚಲ್ಲೇ ಕೂತಿದ್ಲು. ಹೊರಗೆ ಬಂದು ನನ್ನ ಕೈ ಹಿಡ್ಕೊಂಡು, 'ನನ್ನ ಗಂಡನಿಂದ ನಿನ್ನ ಜೀವಾನೂ ಹೋಗ್ತಿತ್ತಲ್ಲ ಎಬೆನ್' ಅಂತ ಅತ್ಲು. ಊರಲ್ಲಿ ತಲೆ ಎತ್ಕೊಂಡು ತಿರುಗೋಕಾಗ್ದೆ ಎಲ್ಲಿಗೋ ಹೊರಟೇಹೋದ್ಲು.

"ಸ್ಕಿಮ್ಮರನ್ನ ರಿಪೇರಿ ಮಾಡಿ ಓಡಿಸಿದ್ರು, ಹತ್ತು ವರ್ಷ ಆದ್ಮೇಲೆ ಅದೂ ಗುಜರಿಗೆ ಬಂತು. ನಾನಾಗ ಹಡಗು ಒಡೆಯೋ ಕೆಲಸಕ್ಕೆ ಸೇರಿದ್ದೆ. ಮೇಲಿನ ತಗಡು ಕಿತ್ತಿದ್ರು, ಬಾಯ್ಲರ್ ಕೋಣೆ ತುಂಬಾ ನಡುಮಧ್ಯಾಹ್ನದ ಬಿಸಿಲು. ಸುತ್ತಿಗೆ ಹಿಡ್ಕೊಂಡು ಇಳಿದೆ... ಜೆಮ್ ನಿಂತಿದ್ದ. ಮೈಯಿಂದ ಆವಿ ಏಳ್ತಿತ್ತು. ಕತ್ತು ಹಿಸುಕ್ತಾನೆ ಅಂದ್ಕೊಂಡೆ. ಹಿಸುಕಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು! ಅವನು ತಲೆ ತಗ್ಗಿಸ್ಕೊಂಡು, 'ಎಬೆನ್, ಗಾಜು ನಾನೇ ನೋಡ್ಬೇಕಿತ್ತಂತೆ... ಎಷ್ಟು ಯೋಚಿಸಿದ್ರೂ ನೆನಪಾಗ್ತಿಲ್ಲ ಕಣೋ. ಎಲ್ಲಾರೂ ಹಂಗೇ ಅಂತಾರೆ, ರೋಡಾನೂ ಅಂದ್ಲು. ನಿನ್ನನ್ನೂ ಸಾಯಿಸ್ಬಿಡ್ತಿದ್ನಲ್ಲೋ... ತಪ್ಪಾಯ್ತು' ಅಂದ."

ಯಾರ ಕೈಯೂ ಸೀಗಡಿಯ ಮೇಲಿರಲಿಲ್ಲ.

"ನಿಜ ಹೇಳಿದ್ಯಾ?" ಎಂದು ಡೋರ್ಕಸ್ ಅತ್ತೆ ಮೆಲ್ಲಗೆ ಕೇಳಿದಳು.

"ಬಾಯಿ ತುದಿಗೆ ಬಂದಿತ್ತು. ಸತ್ತೋನ ಹತ್ರ ಸುಳ್ಳು ಹೇಳಿ ನಂಗೇನು ಸಿಗ್ಬೇಕಿತ್ತು? ಆದ್ರೂ ಅವನ ಕಣ್ಣಲ್ಲಿ ಸಣ್ಣೋನಾಗೋಕೆ ಮನಸ್ಸು ಬರ್ಲಿಲ್ಲ. 'ಹೋಗ್ಲಿ ಬಿಡೋ ಜೆಮ್, ಕ್ಷಮಿಸಿದ್ದೀನಿ' ಅಂದೆ. ನಾನು... ಅವನನ್ನ!"

"ಆಮೇಲೆ ಬರ್ಲಿಲ್ವಾ?"

"ಕ್ಷಮಿಸಿದ್ದು ಅವನಿಗೆ ನೆನಪುಳಿಯಲ್ಲ ತಾಯಿ. ಬರ್ತಾನೇ ಇರ್ತಾನೆ. ಇವತ್ತು ಬೆಳಿಗ್ಗೆ ಬ್ರೆಡ್ ಕುಯ್ತಿದ್ದೆ, ಕತ್ತಿನ ಹಿಂದೆ ಬಿಸಿ ತಾಗ್ತು... 'ತಪ್ಪಾಯ್ತು ಎಬೆನ್' ಅಂದ. ಇವತ್ತಾದ್ರೂ ಹೇಳೇ ಬಿಡೋಣ ಅಂತ ತಿರುಗಿದೆ. ಬಾಯಿಂದ ಬಂದಿದ್ದು ಮಾತ್ರ... 'ಹೋಗ್ಲಿ ಬಿಡೋ' ಅಂತ್ಲೇ."